ಹಳೆಯ ಡೀಸೆಲ್ ಪಿಕಪ್ ನೋಡುವಾಗ ಹಿಂಬದಿಯಿಂದ ಶುರು ಮಾಡಿ

ಪ್ರಶ್ನೆ: ನಾವು ಅಮೆರಿಕದ ಕೊಲೊರಾಡೊದಲ್ಲಿದ್ದೇವೆ. ಡೆನ್ವರ್ ಕಡೆ ಮನೆ, ಬೆಟ್ಟದ ಆಚೆ ಒಂದಿಷ್ಟು ಜಮೀನು. ಒಂದು ಮಿನಿ ಎಕ್ಸ್‌ಕವೇಟರ್ (ಮಣ್ಣು ಅಗೆಯುವ ಸಣ್ಣ ಯಂತ್ರ) ಇದೆ, ಟ್ರೇಲರ್ ಸೇರಿ ಸುಮಾರು 11,000 ಪೌಂಡ್. ತಿಂಗಳಿಗೆ ಒಂದೆರಡು ಸಲ ಐ-70 ಹೆದ್ದಾರಿಯಲ್ಲಿ ಎಳೆದುಕೊಂಡು ಹೋಗಬೇಕು. ಹೊಸ ಗಾಡಿಗೆ ದುಡ್ಡಿಲ್ಲ. ಮೂರು ಹಳೆಯ ಡೀಸೆಲ್ ಪಿಕಪ್ ನೋಡಿಟ್ಟಿದ್ದೇನೆ. ಒಂದು 1997ರ ಡಾಡ್ಜ್ ರ‍್ಯಾಮ್ 2500, 5.9 ಲೀಟರಿನ ಕಮಿನ್ಸ್ ಇಂಜಿನ್. ಇನ್ನೊಂದು 2002ರ ಫೋರ್ಡ್ ಎಫ್-250, 7.3 ಪವರ್‌ಸ್ಟ್ರೋಕ್. ಮೂರನೆಯದು 2006ರ ಷೆವರ್ಲೆ ಸಿಲ್ವರಾಡೊ 2500ಎಚ್‌ಡಿ, ಡ್ಯುರಾಮ್ಯಾಕ್ಸ್. ಮೂರೂ ಆಟೋಮ್ಯಾಟಿಕ್, ಫೋರ್ ವೀಲ್ ಡ್ರೈವ್. ಫೋರ್ಡ್, ಷೆವರ್ಲೆ ಎರಡಕ್ಕೂ ನಾಲ್ಕು ಬಾಗಿಲು. ಗೆಳೆಯರೆಲ್ಲ ಕಣ್ಣು ಮುಚ್ಚಿಕೊಂಡು ಕಮಿನ್ಸ್ ತಗೋ ಅನ್ನುತ್ತಾರೆ. ನೀವೇನಂತೀರಿ?

ಉತ್ತರ: ಕಣ್ಣು ಮುಚ್ಚಿಕೊಂಡು ಮಾತ್ರ ತಗೋಬೇಡಿ. ಕಮಿನ್ಸ್ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ, ಆ ಇಂಜಿನ್ ನಿಜವಾಗಿಯೂ ಗಟ್ಟಿ ಗಿರಾಕಿ. ಆದರೆ ನೀವು ಹೇಳಿದ ರಸ್ತೆಗೆ, ನೀವು ಹೇಳಿದ ಭಾರಕ್ಕೆ, ಆ ಮೂರರಲ್ಲಿ ನಾನು ಕೊನೆಗೆ ನೋಡುವುದು ಆ ಡಾಡ್ಜನ್ನೇ. ಮೊದಲು ಷೆವಿ (ಷೆವರ್ಲೆ), ಆಮೇಲೆ ಫೋರ್ಡ್, ಕೊನೆಗೆ ಡಾಡ್ಜ್. ಅದೇ ಡಾಡ್ಜ್ ಐದು ಗೇರಿನ ಮ್ಯಾನ್ಯುವಲ್ ಆಗಿದ್ದು, ನೀವು ಬಯಲು ಸೀಮೆಯಲ್ಲಿ 7,000 ಪೌಂಡ್ ಎಳೆಯುವವರಾಗಿದ್ದರೆ ಈ ಪಟ್ಟಿ ತಲೆಕೆಳಗಾಗುತ್ತಿತ್ತು.

ಹಳೆಯ ಡೀಸೆಲ್ ನೋಡಲು ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ಇಂಜಿನ್ ಶಬ್ದ ಕೇಳಿ ಮರುಳಾಗುತ್ತಾರೆ. ನಾನು ಗಾಡಿಯ ಹಿಂದೆ ಹೋಗಿ ನಿಲ್ಲುತ್ತೇನೆ. ಟ್ರೇಲರ್ ಸಿಕ್ಕಿಸುವ ಹಿಚ್, ಸ್ಪ್ರಿಂಗ್, ಬ್ರೇಕ್, ಆಕ್ಸಲ್ (ಚಕ್ರದ ಅಚ್ಚು), ಗೇರ್‌ಬಾಕ್ಸ್, ಹೀಗೆ ಹಿಂದಿನಿಂದ ಮುಂದಕ್ಕೆ ಬಂದು ಕೊನೆಗೆ ಇಂಜಿನ್. ಈ ಮೂರೂ ಇಂಜಿನ್‌ಗಳು ಒಳ್ಳೆಯ ಹೆಸರಿನವೇ. ಹಾಗಾಗಿ ನಿಮ್ಮ ಜೇಬನ್ನು ಕತ್ತರಿಸುವುದು ಜಾಸ್ತಿ ಮಟ್ಟಿಗೆ ಇಂಜಿನ್ ಅಲ್ಲ, ಅದರ ಹಿಂದಿರುವ ಸಾಮಾನುಗಳು.

ಅದಕ್ಕೂ ಮುಂಚೆ ಒಂದು ಲೆಕ್ಕ. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪಿಕಪ್ ಎಷ್ಟು ಎಳೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಹೊರುತ್ತದೆ ಎಂದು ಕೇಳುವವರು ಕಡಿಮೆ. ಟ್ರೇಲರಿನ ಭಾರ ಪೂರ್ತಿ ಅದರ ಚಕ್ರಗಳ ಮೇಲೆ ಇರುವುದಿಲ್ಲ. ಒಂದು ಪಾಲು ಹಿಚ್ ಮೂಲಕ ಪಿಕಪ್ ಮೇಲೆ ಕೂರುತ್ತದೆ. ಹಿಂದಿನ ಬಂಪರ್ ಕೆಳಗೆ ಜೋಡಿಸುವ ಸಾಮಾನ್ಯ ಟ್ರೇಲರ್ ಆದರೆ ಈ ಪಾಲು ಒಟ್ಟು ತೂಕದ ಶೇ. 10ರಿಂದ 15 ಇರಬೇಕು. ಕಡಿಮೆಯಾದರೆ ಟ್ರೇಲರ್ ಹಾವಿನ ಬಾಲದ ಹಾಗೆ ಅತ್ತಿತ್ತ ಬೀಸಲು ಶುರು ಮಾಡುತ್ತದೆ. ನಿಮ್ಮ 11,000 ಪೌಂಡಿಗೆ ಶೇ. 13 ಹಿಡಿಯಿರಿ. 1,430 ಪೌಂಡ್ ಆಯಿತು. ಇಬ್ಬರು ಮನುಷ್ಯರು 350. ಹಿಂದೆ ಟೂಲ್ ಬಾಕ್ಸ್ 200. ಹಿಚ್ ಕಬ್ಬಿಣ 100. ಎಲ್ಲ ಸೇರಿ 2,080 ಪೌಂಡ್.

ಈಗ ಪಿಕಪ್ ಕಡೆ ಬನ್ನಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಜಿವಿಡಬ್ಲ್ಯುಆರ್ ಎಂಬ ಅಂಕಿ ಇದೆ. ಗಾಡಿ, ಜನ, ಸಾಮಾನು, ಹಿಚ್ ಮೇಲಿನ ಭಾರ ಎಲ್ಲ ಸೇರಿ ದಾಟಬಾರದ ಮಿತಿ ಅದು. ಆ ಕಾಲದ ಎಫ್-250ಗೆ ಇದು 8,800 ಪೌಂಡ್. ಡಾಡ್ಜ್ 2500 ಕೂಡ ಅಷ್ಟೇ. ಷೆವಿ 2500ಎಚ್‌ಡಿಗೆ 9,200. ನಾಲ್ಕು ಬಾಗಿಲಿನ, ಫೋರ್ ವೀಲ್ ಡ್ರೈವ್ ಇರುವ ಡೀಸೆಲ್ ಪಿಕಪ್ ಟ್ಯಾಂಕ್ ತುಂಬಿಸಿದಾಗ ಹೆಚ್ಚು ಕಡಿಮೆ 7,000 ಪೌಂಡ್ ತೂಗುತ್ತದೆ. ಅಂದರೆ ಫೋರ್ಡ್ ಹೊರಬಲ್ಲದ್ದು 1,800. ನಿಮಗೆ ಬೇಕಾದದ್ದು 2,080. ಇಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಈ 280 ಪೌಂಡ್ ಜಾಸ್ತಿಯೇ. ಷೆವಿಯಲ್ಲಿ 2,200 ಸಿಗುತ್ತದೆ. ಅದೂ ಕೂದಲೆಳೆಯಲ್ಲಿ ಪಾಸು.

ಇದು ಕಾಗದದ ಲೆಕ್ಕ. ನಿಜವಾದ ತೂಕ ಬೇಕಾದರೆ ಕೊಳ್ಳುವ ಮುಂಚೆ ಗಾಡಿಯನ್ನು ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗೆ ಒಯ್ದು ವೇಬ್ರಿಜ್ ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್ ಎಷ್ಟು, ಹಿಂದಿನದು ಎಷ್ಟು ಎಂದು ಬೇರೆಬೇರೆಯಾಗಿ ಚೀಟಿ ಕೊಡುತ್ತಾರೆ. ಬಾಗಿಲಿನ ಚೀಟಿಯಲ್ಲಿ ಹಿಂದಿನ ಆಕ್ಸಲಿನ ಮಿತಿಯೂ ಇರುತ್ತದೆ. ಅದಕ್ಕೂ ಹೋಲಿಸಿ ನೋಡಿ.

ಎಕ್ಸ್‌ಕವೇಟರನ್ನು ಟ್ರೇಲರಿನಲ್ಲಿ ಸ್ವಲ್ಪ ಹಿಂದೆ ನಿಲ್ಲಿಸಿದರೆ ಹಿಚ್ ಹಗುರಾಗುತ್ತದಲ್ಲ ಎಂದು ನಿಮಗೆ ಹೊಳೆಯಬಹುದು. ಆ ಜಾಣತನ ಬೇಡ. ಟ್ರೇಲರ್ ಬೀಸುವುದು ಅಲ್ಲಿಂದಲೇ ಶುರು. ಅದರ ಬದಲು ಟೂಲ್ ಬಾಕ್ಸನ್ನು ಪಿಕಪ್‌ನಿಂದ ತೆಗೆದು ಟ್ರೇಲರಿನ ಆಕ್ಸಲ್‌ಗಳ ನೇರಕ್ಕೆ ಇಡಿ. ಎಕ್ಸ್‌ಕವೇಟರಿನ ಹೆಚ್ಚುವರಿ ಬಕೆಟ್‌ಗಳನ್ನು ಜಮೀನಿನಲ್ಲೇ ಬಿಟ್ಟು ಬನ್ನಿ.

ಹಾಗಾದರೆ ಪಿಕಪ್ ಬೆಡ್ಡಿನೊಳಗೆ (ಹಿಂದಿನ ಸಾಮಾನು ತೊಟ್ಟಿಯಲ್ಲಿ) ಜೋಡಿಸುವ ಗೂಸ್‌ನೆಕ್ ಟ್ರೇಲರ್ ಒಳ್ಳೆಯದಲ್ವಾ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಓಡಿಸಲು ಅದು ಬಹಳ ಸ್ಥಿರ, ಅನುಮಾನವಿಲ್ಲ. ಆದರೆ ಅದು ತೂಕದ ಶೇ. 20ರಿಂದ 25ರಷ್ಟನ್ನು ಪಿಕಪ್ ಮೇಲೆ ಹೇರುತ್ತದೆ. 11,000ಕ್ಕೆ 2,200ರಿಂದ 2,750 ಪೌಂಡ್. ನಿಮ್ಮ ಮೂರೂ ಗಾಡಿಗಳಿಗೆ ಅದು ಮೀರಿದ ಮಾತು. ಗೂಸ್‌ನೆಕ್ ಬೇಕೆಂದರೆ ಒಂದು ಮೆಟ್ಟಿಲು ಮೇಲಿನ 3500 ಅಥವಾ ಎಫ್-350, ಅದೂ ಹಿಂದೆ ನಾಲ್ಕು ಚಕ್ರ ಇರುವ ಡ್ಯೂಲಿ ಹುಡುಕಿ. ನಿಜ ಹೇಳಬೇಕೆಂದರೆ ನಿಮ್ಮ ಕೆಲಸಕ್ಕೆ ಅದೇ ಸರಿಯಾದ ಗಾಡಿ. ಪೇಟೆಯೊಳಗೆ ಪಾರ್ಕಿಂಗ್ ಒಂದೇ ಗೋಳು.

ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಪಿಕಪ್ ಮತ್ತು ಟ್ರೇಲರ್ ಎರಡರ ಮಿತಿ ಕೂಡಿದರೆ 26,001 ಪೌಂಡ್ ಆಗಿ, ಟ್ರೇಲರಿನ ಮಿತಿ 10,000ಕ್ಕಿಂತ ಜಾಸ್ತಿ ಇದ್ದರೆ ವ್ಯಾಪಾರದ ಓಡಾಟಕ್ಕೆ ಕಮರ್ಷಿಯಲ್ ಲೈಸೆನ್ಸ್ ಬೇಕಾಗುತ್ತದೆ. 14,000ದ ಟ್ರೇಲರ್ ಇಟ್ಟುಕೊಂಡರೂ ನಿಮ್ಮ ಮೂರೂ ಗಾಡಿಗಳು ಅದರ ಕೆಳಗೇ ಇವೆ.

ಈಗ ಗಾಡಿಯ ಹಿಂದೆ ಹೋಗಿ ನಿಲ್ಲೋಣ.

ಹಿಚ್ ರಿಸೀವರ್ ಎಂಬ ಚೌಕದ ಕೊಳವೆಯ ಮೇಲೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಎರಡು ಜೊತೆ ಅಂಕಿಗಳಿರುತ್ತವೆ. ಒಂದು ಹಾಗೇ ಎಳೆಯುವುದಕ್ಕೆ. ಇನ್ನೊಂದು, ಅದಕ್ಕಿಂತ ದೊಡ್ಡದು, ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದರೆ ಮಾತ್ರ. ಆ ಕಾಲದ ಕಂಪನಿ ಹಿಚ್‌ಗಳಲ್ಲಿ ನಿಮ್ಮ 11,000 ಪೌಂಡ್ ಮೊದಲನೆಯ ಅಂಕಿಯೊಳಗೆ ಬರುವುದು ಅನುಮಾನ. ಚೀಟಿ ಓದದೆ ಸುಮ್ನೆ ಹಿಚ್ಚಿನ ಬಾಲ್ (ಕಬ್ಬಿಣದ ಗುಂಡು) ಸಿಕ್ಕಿಸಿ ಹೊರಡಬೇಡಿ. ಪಿನ್ ಹಾಕುವ ತೂತನ್ನು ನೋಡಿ. ದುಂಡಗೆ ಇರಬೇಕಾದದ್ದು ಮೊಟ್ಟೆಯಾಕಾರ ಆಗಿದ್ದರೆ ಆ ಗಾಡಿ ಬಹಳ ಎಳೆದಿದೆ. ಬೆಡ್ಡಿನ ನೆಲದಲ್ಲಿ ಸಾಲಾಗಿ ತೂತುಗಳಿದ್ದರೆ ಹಿಂದೆ ಫಿಫ್ತ್ ವೀಲ್ (ಬೆಡ್ಡಿನೊಳಗೆ ಕೂರಿಸುವ ದೊಡ್ಡ ಹಿಚ್) ಹಳಿ ಕೂತಿತ್ತು ಎಂದರ್ಥ. ಮಾರುವವನು “ಟ್ರೇಲರ್ ಮುಟ್ಟಿಯೇ ಇಲ್ಲ ಸಾರ್” ಅಂದರೆ ಆ ತೂತುಗಳನ್ನು ತೋರಿಸಿ ಸುಮ್ಮನೆ ನಿಲ್ಲಿ.

ಸ್ಪ್ರಿಂಗ್ ಪಟ್ಟಿಗಳು ಖಾಲಿ ಗಾಡಿಯಲ್ಲೂ ಚಪ್ಪಟೆಯಾಗಿವೆಯೇ, ಯಾವುದಾದರೂ ಎಲೆ ಬಿರುಕು ಬಿಟ್ಟಿದೆಯೇ ನೋಡಿ. ಆಮೇಲೆ ಗಾಡಿಯ ಕೆಳಗೆ ನುಗ್ಗಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಮತ್ತು ಮೆಗ್ನೀಸಿಯಂ ಕ್ಲೋರೈಡ್ ಹಾಕುವ ಕಡೆ ಓಡಿದ ಗಾಡಿಗೆ ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಹೊಟ್ಟೆ ಕೊಳೆತಿರಬಹುದು. ಒಂದು ಸಣ್ಣ ಸುತ್ತಿಗೆ ಜೊತೆಗಿರಲಿ. ಚಾಸಿಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಸ್ಪ್ರಿಂಗ್ ಜೋಡಿಸಿರುವ ಜಾಗ, ಬ್ರೇಕ್ ಪೈಪುಗಳು, ಡೀಸೆಲ್ ಪೈಪುಗಳು ಮುಖ್ಯ. ಫೋರ್ಡ್ 7.3ರಲ್ಲಿ ಆಯಿಲ್ ಪ್ಯಾನ್ ವಿಶೇಷವಾಗಿ ನೋಡಬೇಕು. ಅದು ತುಕ್ಕು ತಿಂದು ಸೋರುವುದು ಹೊಸ ವಿಷಯವಲ್ಲ. ಬೆಲೆಯಲ್ಲಿ ಪ್ಯಾನ್ ಸಣ್ಣದು, ಆದರೆ ಬದಲಿಸಲು ಇಂಜಿನ್ನನ್ನೇ ಎತ್ತಬೇಕಾಗುತ್ತದೆ. ಚಾಸಿ ಕೊಳೆತಿದ್ದರೆ ಮುಂದೆ ಏನೂ ನೋಡಬೇಡಿ. ಇಂಜಿನ್ ಚಿನ್ನವಾಗಿದ್ದರೂ ವಾಪಸ್ ಬನ್ನಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ. 2315 ಅಂದರೆ 2015ರ 23ನೇ ವಾರ. ಟೈರಿನ ಗೀರುಗಳು ಆಳವಾಗಿದ್ದರೂ ಹತ್ತು ವರ್ಷದ ರಬ್ಬರನ್ನು ನಂಬಿ ಭಾರ ಎಳೆಯಬಾರದು. ಭಾರಕ್ಕೆಂದೇ ಮಾಡಿದ ಲೋಡ್ ರೇಂಜ್ ಇ ಟೈರೇ ಇರಲಿ.

ಬ್ರೇಕ್ ವಿಷಯಕ್ಕೆ ಬಂದರೆ ನಿಮ್ಮ ರಸ್ತೆಯೇ ಮಾತಾಡುತ್ತದೆ. ಡೆನ್ವರ್ 5,280 ಅಡಿ ಎತ್ತರದಲ್ಲಿದೆ. ಐ-70ರ ಐಸನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಹತ್ತುವಾಗ ಡೀಸೆಲ್ ತನ್ನ ಗುಣ ತೋರಿಸುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ. ಸುರಂಗದ ಹತ್ತಿರ ಬರುವಷ್ಟರಲ್ಲಿ ಮೂರನೇ ಒಂದು ಪಾಲು ಹೋಗಿರುತ್ತದೆ. ಟರ್ಬೊ ಇರುವ ಡೀಸೆಲ್ ತೆಳು ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಅಷ್ಟು ಸೊರಗುವುದಿಲ್ಲ. ಇಷ್ಟರಮಟ್ಟಿಗೆ ನೀವು ಡೀಸೆಲ್ ಹುಡುಕುತ್ತಿರುವುದು ಸರಿಯೇ.

ಇಳಿಯುವಾಗ ಕಥೆ ಬೇರೆ. ಸುರಂಗ ದಾಟಿದ ಮೇಲೆ ಶೇ. 6-7ರ ಇಳಿಜಾರು ಮೈಲಿಗಟ್ಟಲೆ. ಪೆಟ್ರೋಲ್ ಗಾಡಿಯಲ್ಲಿ ಕಾಲು ತೆಗೆದರೆ ಗಾಳಿಯ ಬಾಗಿಲು ಮುಚ್ಚಿಕೊಂಡು ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಹಳೆಯ ಡೀಸೆಲ್‌ಗೆ ಆ ಬಾಗಿಲೇ ಇಲ್ಲ. ಹೊಗೆ ಕೊಳವೆಯನ್ನು ತಡೆದು ಇಂಜಿನ್ನಿನಿಂದಲೇ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಇಲ್ಲದಿದ್ದರೆ, ಒಳ್ಳೆಯ ಗೇರ್‌ಬಾಕ್ಸ್ ಕೈಹಿಡಿಯದಿದ್ದರೆ, ಕೆಳಗೆ ಇಳಿಯುವಷ್ಟು ಹೊತ್ತೂ ಕಾಲು ಬ್ರೇಕ್ ಮೇಲೇ. ಬ್ರೇಕ್ ಕಾದು ಕೈಕೊಡುವುದು ಹೀಗೆ.

ನಿಮ್ಮ ಡಾಡ್ಜನ್ನು ನಾನು ಕೊನೆಗೆ ತಳ್ಳಿದ್ದು ಇದೇ ಕಾರಣಕ್ಕೆ. 1997ರ ಆ ಗಾಡಿಗೆ ಹಿಂದೆ ಡ್ರಮ್ ಬ್ರೇಕ್. ನಾಲ್ಕೇ ಗೇರು. ಎಕ್ಸಾಸ್ಟ್ ಬ್ರೇಕ್ ಹೊರಗಿನಿಂದ ತಂದು ಹಾಕಬಹುದು. ಆದರೆ ಹಾಗೆ ಹಾಕಿದರೆ ಇಂಜಿನ್ನಿನ ವಾಲ್ವ್ ಸ್ಪ್ರಿಂಗ್ ಗಟ್ಟಿಯವನ್ನು ಕೂರಿಸಬೇಕು, ಇಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗುವಂತೆ ಮಾಡಬೇಕು. ಒಂದಕ್ಕೊಂದು ಕೂಡಿ ಖರ್ಚು ಬೆಳೆಯುತ್ತದೆ. ಫೋರ್ಡ್‌ನಲ್ಲಿ ನಾಲ್ಕೂ ಕಡೆ ಡಿಸ್ಕ್ ಇದೆ, ಗೇರ್ ಮಾತ್ರ ಅದರಲ್ಲೂ ನಾಲ್ಕೇ. 2006ರ ಷೆವಿಯಲ್ಲಿ ಆರು ಗೇರಿನ ಆಲಿಸನ್ 1000 ಗೇರ್‌ಬಾಕ್ಸ್ ಕೂತಿರುತ್ತದೆ. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿ ಒತ್ತಿ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ಅದೇ ಕೆಳಗಿನ ಗೇರಿಗೆ ಇಳಿದು ಗಾಡಿಯನ್ನು ತಡೆಯುತ್ತದೆ. ಒಂದು ಸಲ ಭಾರ ಕಟ್ಟಿಕೊಂಡು ಇಳಿದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಟ್ರೇಲರಿಗೂ ಅದರದೇ ಬ್ರೇಕ್ ಎಲ್ಲ ಚಕ್ರಗಳಲ್ಲೂ ಕೆಲಸ ಮಾಡುತ್ತಿರಬೇಕು. ಅದನ್ನು ನಡೆಸುವ ಕಂಟ್ರೋಲರ್ ಈ ಮೂರೂ ಗಾಡಿಗಳಲ್ಲಿ ಹೊರಗಿನಿಂದಲೇ ಹಾಕಬೇಕು. ಡ್ಯಾಶ್ ಕೆಳಗೆ ಹಳೆಯ ಮಾಲೀಕ ವೈರುಗಳನ್ನು ಹೇಗೆ ಗಂಟು ಹಾಕಿದ್ದಾನೆ ಎಂದು ಬಗ್ಗಿ ನೋಡಿ. ಟೇಪ್ ಸುತ್ತಿದ ವೈರುಗಳ ಗೂಡು ಕಂಡರೆ ಉಳಿದ ರಿಪೇರಿಗಳನ್ನೂ ಅವನು ಹಾಗೇ ಮಾಡಿಸಿರುತ್ತಾನೆ.

ಇನ್ನು ಗೇರ್‌ಬಾಕ್ಸ್. ಡಾಡ್ಜ್‌ನಲ್ಲಿ ಇರುವುದು 47ಆರ್‌ಇ. ಕಮಿನ್ಸ್‌ನ 420 ಪೌಂಡ್-ಅಡಿ ಟಾರ್ಕ್ (ತಿರುಚುಬಲ) ಮುಂದೆ ಅದು ಬಡಪಾಯಿ. ಗಟ್ಟಿ ಮಾಡಿಸಿದ ದಾಖಲೆ ಇದ್ದರೆ ಸರಿ, ಇಲ್ಲದಿದ್ದರೆ ಹೊಸ ಗೇರ್‌ಬಾಕ್ಸಿನ ಬೆಲೆಯನ್ನು ಮನಸ್ಸಿನಲ್ಲೇ ಗಾಡಿಯ ಬೆಲೆಗೆ ಕೂಡಿಸಿಕೊಳ್ಳಿ. ಪರೀಕ್ಷೆ ಸುಲಭ. ಗಂಟೆಗೆ 50 ಮೈಲಿ ವೇಗದಲ್ಲಿ ಕಾಲು ಒಂದೇ ಮಟ್ಟದಲ್ಲಿ ಹಿಡಿದು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಇಂಜಿನ್ ಸುತ್ತು ಸ್ವಲ್ಪ ಜಿಗಿದು, ಕಾಲು ತೆಗೆದ ಮೇಲೆ ಮತ್ತೆ ಇಳಿದು ಕೂರಬೇಕು. ಏನೂ ಆಗದಿದ್ದರೆ ಕನ್ವರ್ಟರ್ ಲಾಕ್ ಆಗಿರಲೇ ಇಲ್ಲ. ಆಯಿಲ್ ಮಟ್ಟ ನೋಡುವಾಗ ಡಾಡ್ಜ್‌ಗೆ ನ್ಯೂಟ್ರಲ್‌ನಲ್ಲಿ ಇಟ್ಟು ನೋಡಬೇಕು, ಪಾರ್ಕ್‌ನಲ್ಲಿ ಅಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ತಪ್ಪು ಮಟ್ಟ ನೋಡಿ ಬರುತ್ತಾರೆ.

ಫೋರ್ಡ್‌ನಲ್ಲಿ ಓವರ್‌ಡ್ರೈವ್ ದೀಪ ಮಿನುಗಿದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ದೂರು ಹೇಳುತ್ತಿದೆ ಎಂದರ್ಥ. ಕೀ ಹಾಕಿದಾಗ ಆ ದೀಪ ಹತ್ತುತ್ತದೆಯೇ ಎಂದೂ ನೋಡಿ, ಬಲ್ಬ್ ಕಿತ್ತಿಟ್ಟು ಮಾರುವವರೂ ಇದ್ದಾರೆ. ಆಲಿಸನ್‌ಗೆ ಹೊರಗಡೆ ತಿರುಗಿಸಿ ಬಿಚ್ಚುವ ಫಿಲ್ಟರ್ ಇದೆ, ಅದರೊಳಗೆ ಒಂದು ಅಯಸ್ಕಾಂತ. ಮೆಕ್ಯಾನಿಕ್ ಹತ್ತಿರ ಅದನ್ನು ಬಿಚ್ಚಿಸಿ. ಬೂದುಬಣ್ಣದ ನಯವಾದ ಲೇಪ ಇದ್ದರೆ ಸಹಜ. ಬೆರಳಿಗೆ ಚೂರು ಸಿಕ್ಕಿದರೆ ಬೇಡ. ಷೆವಿಯಲ್ಲೇ ಇನ್ನೊಂದು ಕಳ್ಳ ರೋಗ ಇದೆ. ಫೋರ್ ವೀಲ್ ಡ್ರೈವ್‌ನ ಟ್ರಾನ್ಸ್‌ಫರ್ ಕೇಸ್ (ಮುಂದಿನ ಚಕ್ರಗಳಿಗೂ ಬಲ ಹಂಚುವ ಪೆಟ್ಟಿಗೆ) ಒಳಗಿನ ಆಯಿಲ್ ಪಂಪ್ ಕ್ರಮೇಣ ಕೇಸನ್ನೇ ಉಜ್ಜಿ ತೂತು ಮಾಡುತ್ತದೆ. ಆಯಿಲ್ ಸದ್ದಿಲ್ಲದೆ ಸೋರಿಹೋಗುತ್ತದೆ, ಗೊತ್ತಾಗುವಾಗ ಒಳಗೆಲ್ಲ ಒಣಗಿರುತ್ತದೆ. ಸರಿಪಡಿಸಿದ ರಸೀದಿ ಇದೆಯೇ ಕೇಳಿ. ಇಲ್ಲದಿದ್ದರೆ ಕೊಂಡ ವಾರದಲ್ಲೇ ಮಾಡಿಸಿ. ಮುಂದಿನ ಚಕ್ರ ಎತ್ತಿ ಸ್ಟೀರಿಂಗ್‌ನ ಕೊಂಡಿಗಳಾದ ಟೈ ರಾಡ್, ಪಿಟ್‌ಮನ್ ಆರ್ಮ್, ಐಡ್ಲರ್ ಆರ್ಮ್ ಅಲ್ಲಾಡಿಸಿ ನೋಡಿ, ಅವು ಸವೆದೇ ಇರುತ್ತವೆ ಅಂದುಕೊಂಡು ಹೋಗಿ.

ಕೊನೆಗೆ ಇಂಜಿನ್.

ಡಾಡ್ಜ್‌ನ 12 ವಾಲ್ವಿನ ಕಮಿನ್ಸ್‌ನಲ್ಲಿ ಕಂಪ್ಯೂಟರ್ ರಗಳೆ ಇಲ್ಲ. 1994ರಿಂದ 98ರ ಗಾಡಿಗಳಲ್ಲಿ ಇರುವ ಪಿ7100 ಡೀಸೆಲ್ ಪಂಪ್ ಪೂರ್ತಿ ಯಂತ್ರದ್ದೇ ಕೆಲಸ. ಜನ ಹೊಗಳುವುದು ಅದಕ್ಕೇ. ಆದರೆ ಮುಂದಿನ ಗೇರ್ ಕವಚದಲ್ಲಿ ಒಂದು ಸಣ್ಣ ಪಿನ್ ಇದೆ. ಅದು ಅಲುಗಾಟಕ್ಕೆ ಸಡಿಲವಾಗಿ ಗೇರುಗಳ ನಡುವೆ ಬಿದ್ದರೆ ಇಂಜಿನ್ ಕಥೆ ಮುಗಿಯಿತು. ‘ಕಿಲ್ಲರ್ ಡೋವೆಲ್ ಪಿನ್’ ಎಂದೇ ಅದಕ್ಕೆ ಹೆಸರು. ಅದನ್ನು ಬೀಳದ ಹಾಗೆ ತಡೆಯುವ ಸಣ್ಣ ಪಟ್ಟಿ ಸಿಗುತ್ತದೆ, ಹಾಕಿಸಿದ್ದಾರೆಯೇ ಕೇಳಿ. ಆ ಕಾಲದ ಆಟೋಮ್ಯಾಟಿಕ್‌ಗೆ ಕಂಪನಿ ಕೊಟ್ಟದ್ದು 180 ಅಶ್ವಶಕ್ತಿ. ಅಷ್ಟರಲ್ಲಿ 11,000 ಪೌಂಡ್ ಎಳೆದುಕೊಂಡು ಸುರಂಗದವರೆಗೆ ಹತ್ತಬಹುದು, ಹಿಂದೆ ವಾಹನಗಳ ಮೆರವಣಿಗೆ ಕಟ್ಟಿಕೊಂಡು.

ಫೋರ್ಡ್ 7.3ರಲ್ಲಿ 250 ಅಶ್ವಶಕ್ತಿ, 505 ಪೌಂಡ್-ಅಡಿ. ಇದರಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಒತ್ತುವುದು ಇಂಜಿನ್ ಆಯಿಲ್ಲೇ. ಹಾಗಾಗಿ 15 ಕ್ವಾರ್ಟ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ದಾಖಲೆ ಬಹಳ ಮುಖ್ಯ. ಕ್ಯಾಮ್ ಪೊಸಿಷನ್ ಸೆನ್ಸರ್ ಹೋದರೆ ಓಡುತ್ತಿರುವ ಗಾಡಿ ತಟ್ಟನೆ ನಿಲ್ಲುತ್ತದೆ. ಸಾಮಾನು ಅಗ್ಗ, ಬದಲಿಸಲು 10 ಮಿಮೀ ಸಾಕೆಟ್ ಒಂದು ಸಾಕು. ಈ ಗಾಡಿ ಇಟ್ಟುಕೊಂಡವರು ಒಂದು ಹೊಸ ಸೆನ್ಸರ್, ಒಂದು ಸಾಕೆಟ್ ಡ್ಯಾಶ್ ಪೆಟ್ಟಿಗೆಯಲ್ಲೇ ಇಟ್ಟಿರುತ್ತಾರೆ. ಮಾರುವವನ ಹತ್ತಿರ ಅದು ಇದ್ದರೆ ಗಾಡಿ ಬಲ್ಲವನು ಎಂದುಕೊಳ್ಳಿ. ಇಂಜಿನ್ ತಂಪಿಡುವ ಕೂಲೆಂಟ್‌ನಲ್ಲಿ ಎಸ್‌ಸಿಎ ಎಂಬ ಮದ್ದು ಬೆರೆಸಿಕೊಂಡು ಬಂದಿರಬೇಕು. ಇಲ್ಲದಿದ್ದರೆ ಸಿಲಿಂಡರ್ ಗೋಡೆಯನ್ನು ನೀರಿನ ಗುಳ್ಳೆಗಳೇ ಕೊರೆದುಬಿಡುತ್ತವೆ. ಪರೀಕ್ಷೆಯ ಕಾಗದದ ಪಟ್ಟಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಒಂದು ಅದ್ದಿ ನೋಡಿ. ಇಂಜಿನ್ ಹಿಂದಿನ ಗೋಡೆಯಲ್ಲಿ ಮಸಿ ಹಿಡಿದಿದ್ದರೆ ಟರ್ಬೊಗೆ ಹೋಗುವ ಎಕ್ಸಾಸ್ಟ್ ಪೈಪು ಸೋರುತ್ತಿದೆ. ಎತ್ತರದ ರಸ್ತೆಯಲ್ಲಿ ಆ ಸೋರಿಕೆ ನೇರ ಬಲಕ್ಕೇ ಹೊಡೆತ.

ಷೆವಿಯಲ್ಲಿ ಮೊದಲು ವಿನ್ ನಂಬರಿನ (ಗಾಡಿಯ ಗುರುತು ಸಂಖ್ಯೆ) ಎಂಟನೇ ಅಕ್ಷರ ನೋಡಿ. ‘ಡಿ’ ಇದ್ದರೆ ಅದು ಎಲ್‌ಬಿಝಡ್ ಇಂಜಿನ್, 360 ಅಶ್ವಶಕ್ತಿ, 650 ಪೌಂಡ್-ಅಡಿ. ನನಗೆ ಬೇಕಾದದ್ದು ಇದೇ. 2006ರ ಕೆಲವು ಗಾಡಿಗಳಲ್ಲಿ ಹಿಂದಿನ ಎಲ್‌ಎಲ್‌ವೈ ಇಂಜಿನ್ ಇದೆ, ಅದರ ಗುರುತು ‘2’. ಬಿಸಿಲಲ್ಲಿ ಭಾರ ಎಳೆದು ಘಾಟಿ ಹತ್ತುವಾಗ ಬಿಸಿಯೇರುವ ಚಾಳಿ ಎಲ್‌ಎಲ್‌ವೈಗೆ ಇದೆ. ನಿಮ್ಮ ರಸ್ತೆಗೆ ಅದು ಬೇಡ. ಎಲ್‌ಬಿಝಡ್‌ನ ದೊಡ್ಡ ಶತ್ರು ಹಿಂದಿನ ಮಾಲೀಕನ ಚಪಲ. ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವ ಟ್ಯೂನರ್ ಹಾಕಿ ಬಲ ಜಾಸ್ತಿ ಮಾಡಿಕೊಂಡು ಓಡಿಸಿದರೆ ಪಿಸ್ಟನ್ ಬಿರುಕು ಬಿಡುತ್ತದೆ. ವಿಂಡ್‌ಶೀಲ್ಡ್ ಪಕ್ಕದ ಕಂಬದ ಮೇಲೆ ಗೇಜು ಕೂರಿಸಿದ ತೂತುಗಳು, ವಿಂಡ್‌ಶೀಲ್ಡಿನಲ್ಲಿ ಟ್ಯೂನರ್ ಅಂಟಿಸಿದ ದುಂಡು ಗುರುತು, ಇವನ್ನೆಲ್ಲ ಪತ್ತೇದಾರರ ಹಾಗೆ ಹುಡುಕಿ. ಇಂಜಿನ್ ಎಷ್ಟು ಗಂಟೆ ಓಡಿದೆ ಎಂಬುದನ್ನೂ ಈ ಗಾಡಿ ಹೇಳುತ್ತದೆ. ಕೀ ಆಫ್ ಇರುವಾಗ ಟ್ರಿಪ್ ಗುಂಡಿಯನ್ನು ಒತ್ತಿ ಹಿಡಿಯಿರಿ. ಮೈಲಿಯನ್ನು ಗಂಟೆಯಿಂದ ಭಾಗಿಸಿ. 40ರ ಆಸುಪಾಸು ಬಂದರೆ ಹೆದ್ದಾರಿಯ ಗಾಡಿ. 20 ಬಂದರೆ ನಿಂತಲ್ಲೇ ಗುರುಗುಟ್ಟುತ್ತಾ ಕಾಲ ಕಳೆದದ್ದು, ಮೈಲಿ ಕಡಿಮೆ ಕಂಡರೂ ಸವೆತ ಜಾಸ್ತಿ.

ಹುಡುಕುವಾಗ ಬೇರೆ ಆಸೆಗಳೂ ಎದುರಾಗುತ್ತವೆ. 2003ರಿಂದ 2007ರ ಫೋರ್ಡ್ 6.0 ಅಗ್ಗಕ್ಕೆ ಸಿಗುತ್ತದೆ. ಆಯಿಲ್ ಕೂಲರ್ ಕಟ್ಟಿಕೊಂಡು, ಇಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಡೆದು, ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ತಲೆಯ ಕೆಳಗಿನ ಸೀಲು) ಹಾರುವ ಸರಪಳಿ ಅದರದ್ದು. ಇವೆಲ್ಲ ಆಗಲೇ ಮಾಡಿಸಿದ ಗಾಡಿ, ರಸೀದಿ ಸಮೇತ ಸಿಕ್ಕಿದರೆ ಯೋಚಿಸಬಹುದು. 1998ರ ಕೊನೆಯಿಂದ 2002ರ 24 ವಾಲ್ವಿನ ಕಮಿನ್ಸ್‌ನಲ್ಲಿ ವಿಪಿ44 ಪಂಪ್ ಇದೆ. ಅದಕ್ಕೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲೇ ತಂಪು. ಅದಕ್ಕೆ ಡೀಸೆಲ್ ತಂದುಕೊಡುವ ಸಣ್ಣ ಪಂಪ್ ಸೋತರೆ ಇದು ಒಣಗಿ ಸಾಯುತ್ತದೆ. ಭಾರ ಎಳೆಯುವಾಗ ಡೀಸೆಲ್ ಒತ್ತಡ 10 ಪಿಎಸ್‌ಐಗಿಂತ ಕೆಳಗೆ ಇಳಿಯುತ್ತಿದ್ದರೆ ಬಿಟ್ಟುಬಿಡಿ. 2001ರಿಂದ 2004ರ ಡ್ಯುರಾಮ್ಯಾಕ್ಸ್ ಎಲ್‌ಬಿ7ರಲ್ಲಿ ಇಂಜೆಕ್ಟರ್ ವಾಲ್ವ್ ಕವರಿನ ಒಳಗೆ ಕೂತಿದೆ, ಬದಲಿಸುವ ಕೂಲಿಯೇ ಭಾರಿ. ನನ್ನ ಮೆಚ್ಚಿನ ಬದಲಿ ಗಾಡಿ 2003ರಿಂದ 2007ರ ಆರಂಭದವರೆಗಿನ ಕಾಮನ್ ರೈಲ್ ಎಂಬ ಇಂಧನ ವ್ಯವಸ್ಥೆಯ 5.9 ಕಮಿನ್ಸ್, ಆರು ಗೇರಿನ ಮ್ಯಾನ್ಯುವಲ್ ಜೊತೆ. ಗೆಳೆಯರ ಮಾತೂ ಉಳಿದಂತಾಯಿತು.

2007ರ ನಡುವಿನಿಂದ ಬಂದ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದನ್ನು ಕಿತ್ತು “ಡಿಲೀಟ್ ಮಾಡಿದ್ದೇವೆ” ಎಂದು ಹೆಮ್ಮೆಯಿಂದ ಮಾರುತ್ತಾರೆ. ಫೆಡರಲ್ ಕಾನೂನಿನ ಪ್ರಕಾರ ಅದಕ್ಕೆ ಅವಕಾಶವಿಲ್ಲ. ನಿಮ್ಮ ಹಳೆಯ ಮೂರಕ್ಕೆ ಆ ತಾಪತ್ರಯ ಇಲ್ಲ, ಆದರೂ ನಿಮ್ಮ ಕೌಂಟಿಯಲ್ಲಿ ಡೀಸೆಲ್ ಹೊಗೆ ಪರೀಕ್ಷೆಯ ನಿಯಮ ಏನಿದೆ ಎಂದು ದುಡ್ಡು ಕೊಡುವ ಮುಂಚೆ ವಿಚಾರಿಸಿ.

ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಆ ಲೆಕ್ಕದಲ್ಲಿ ಷೆವಿ ಕೈಗೆಟುಕದಿದ್ದರೆ ಫೋರ್ಡ್ ತಗೊಂಡು, ಬಕೆಟ್ ಎಲ್ಲ ಇಳಿಸಿ ಹೊರೆ ಕಡಿಮೆ ಮಾಡಿಕೊಂಡು, ನಿಧಾನಕ್ಕೆ ಹೋಗಿ.

ನೋಡಲು ಹೋಗುವ ದಿನ ಬೆಳಗ್ಗೆ ಬೇಗ ಹೋಗಿ. ಇಂಜಿನ್ ಮುಟ್ಟಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಹೇಳಿರಿ. ನಾನೊಮ್ಮೆ ಈ ಮಾತು ಮರೆತು ಒಂದು ಪಿಕಪ್ ಕೊಂಡೆ. ನಾನು ಹೋದಾಗ ಅದು ಆಗಲೇ ಗುರುಗುಡುತ್ತಿತ್ತು, “ನಿಮಗೋಸ್ಕರ ಬೆಚ್ಚಗೆ ಮಾಡಿಟ್ಟಿದ್ದೇನೆ” ಅಂದರು. ಎಂಥ ಒಳ್ಳೆಯವರು ಅನ್ನಿಸಿತು. ಮೊದಲ ಚಳಿಗೆ ಬೆಳಗ್ಗೆ ಅರ್ಧ ಗಂಟೆ ಕೀ ತಿರುಗಿಸಿದರೂ ಬಿಳಿ ಹೊಗೆ ಬಿಟ್ಟು ಬೇರೇನೂ ಬರಲಿಲ್ಲ.

ತಣ್ಣಗಿದ್ದಾಗ ಮೊದಲು ಕೂಲೆಂಟ್ ಹೋಸ್ ಹಿಸುಕಿ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅದು ಕಲ್ಲಿನ ಹಾಗೆ ಬಿಗಿದಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಆಮೇಲೆ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಂತು ಹೊಗೆ ನೋಡಿ. ಒಂದು ನಿಮಿಷದಲ್ಲಿ ಕರಗುವ ಬಿಳಿ ಹೊಗೆಗೆ ಹೆದರಬೇಡಿ. ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ಇಂಜೆಕ್ಟರ್ ಅಥವಾ ಕೂಲೆಂಟ್, ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಇಂಜಿನ್ನಿನ ಆಯಿಲ್ ಮುಚ್ಚಳ ಬಿಚ್ಚಿ ತಲೆಕೆಳಗಾಗಿ ಬಾಯಿಯ ಮೇಲಿಡಿ. ಸ್ವಲ್ಪ ಕುಣಿದರೆ ಸರಿ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿವೆ. ಆಯಿಲಿನ ಮಾದರಿಯನ್ನು ಲ್ಯಾಬಿಗೆ ಕಳಿಸಲು ಮಾಲೀಕರು ಒಪ್ಪಿದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ಒಂದು ಟ್ರೇಲರ್ ಕಟ್ಟಿಕೊಂಡೇ ಓಡಿಸಿ ನೋಡಿ. ಖಾಲಿ ಓಡುವಾಗ ಎಲ್ಲ ಗಾಡಿಗಳೂ ಸಾಧುಗಳೇ.

ಇವೆಲ್ಲಕ್ಕಿಂತ ಮುಂಚೆ, ಗೇಟಿನೊಳಗೆ ಕಾಲಿಟ್ಟ ಕೂಡಲೇ, ಮಾತಾಡುತ್ತಾ ಆಡುತ್ತಾ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೂ ಅನ್ನಬೇಡಿ, “ನಾಳೆ ಬೆಳಗ್ಗೆ ಮತ್ತೆ ಬರ್ತೀನಿ” ಎಂದು ಹೇಳಿ ಹೊರಟುಬಿಡಿ.